ಹೆಣ ಏಳುವ ಆಟ

ಹೂಲಿ,
ತಾ. ೫ ಡಿಸೆಂಬರ್ ೧೯೨೭

ಶ್ರೀ ನಿಜಗುಣಪ್ಪನವರಿಗೆ,

ಹೂಲಿಯ ಕನ್ನಡ ಶಾಲೆಯ ಮಾಸ್ತರ ಅಂದಾನೆಪ್ಪ ಬರೆಯುವುದು. ಒಂಬತ್ತು ವರ್ಷಗಳ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ನಿಮ್ಮ ತಾಯಿ ಕೆಂಪವ್ವ ನನ್ನ ಮನೆಯಲ್ಲೇ ಇದ್ದಾರೆ. ಮೊಣಕಾಲು ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ನಿಮ್ಮ ತಂಗಿ ಗುರುಬಸವ್ವ ಬಿಟ್ಟುಹೋದ ನನ್ನ ಮಗಳು ಸಿದ್ದಲಿಂಗವ್ವನಿಗೆ ಹನ್ನೆರಡು ತುಂಬಿತು. ಮೂರು ವರ್ಷದ ತಬ್ಬಲಿಯಾಗಿ ನೀವು ನೋಡಿದ ಕೂಸು ಈಗ ನಾಲ್ಕನೆಯ ಇಯತ್ತೆ ಮುಗಿಸಿ, ನನ್ನ ಶಾಲೆಯ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ.

ಬರೆಯಲು ಕಾರಣ ಇಷ್ಟು. ಸವದತ್ತಿಯಲ್ಲಿ ಬಾಯಸ್ಕೋಪಿನ ಡೇರೆ ಬಂದಿದೆ, ಸತ್ತ ಹೆಣ ಎದ್ದು ಬರುವ ಚಿತ್ರ ತೋರಿಸುತ್ತಾರೆ ಎಂದು ಊರೆಲ್ಲ ಮಾತು. ಸಿದ್ದಲಿಂಗವ್ವ ಎಂಟು ದಿನ ಬೆನ್ನು ಬಿಡಲಿಲ್ಲ. ಮೊನ್ನೆ ಶನಿವಾರ ಚಕ್ಕಡಿ ಕಟ್ಟಿಕೊಂಡು ಕರೆದೊಯ್ದೆ. ನೀವು ಬಾಯಸ್ಕೋಪಿನವರ ಜೊತೆ ತಿರುಗುತ್ತೀರೆಂದು ಕೇಳಿದ್ದೆ, ಇದೇ ಡೇರೆಯೆಂದು ಗೊತ್ತಿರಲಿಲ್ಲ. ದೀಪ ಆರಿತು. ಪೇಟಿ, ತಬಲಾ ಶುರುವಾದವು. ಪರದೆಯ ಬದಿಗೆ ನಿಂತು ಚಿತ್ರದ ಕಥೆಯನ್ನು ಕನ್ನಡದಲ್ಲಿ ಹೇಳುವವನ ಮುಖ ಕಾಣಿಸಲಿಲ್ಲ. ಎರಡು ಮಾತು ಕೇಳುವಷ್ಟರಲ್ಲಿ ದನಿ ಯಾರದೆಂದು ತಿಳಿಯಿತು.

ಕಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ ಸತ್ತ ರಾಣಿಯ ಮುಖವನ್ನು ತೋರಿಸಿದರು. ಬರೀ ಮುಖ. ಆಗ ನೀವು ಹೇಳಿದಿರಿ: "ನೋಡ್ರಿ, ಎಡಗೈ ನೋಡ್ರಿ, ಕಿರಿಬೆರಳು ಅಲಗ್ಯಾಡಾಕ ಹತ್ತೇತಿ." ಡೇರೆಯಲ್ಲಿದ್ದವರೆಲ್ಲ ಕಿರುಚಿದರು. ಪರದೆಯ ಮೇಲೆ ಕೈ ಎಲ್ಲಿತ್ತು? ನಾನು ಎದ್ದು ಹೊರಗೆ ಬಂದು ಚಕ್ಕಡಿಯ ನೊಗಕ್ಕೆ ಒರಗಿ ನಿಂತೆ. ಮಗಳು ಕೊನೆಯತನಕ ಕೂತು ನೋಡಿ ನಗುತ್ತ ಬಂದಳು.

ಆ ಮಾತನ್ನು ಇನ್ನು ಮುಂದೆ ಹೇಳಬೇಡಿ. ಇಷ್ಟೇ ನನ್ನ ಕೇಳಿಕೆ.

ಇಂತಿ,
ಅಂದಾನೆಪ್ಪ


ಬೈಲಹೊಂಗಲ,
ತಾ. ೧೯ ಡಿಸೆಂಬರ್ ೧೯೨೭

ಅಂದಾನೆಪ್ಪಾ,

ನಿನ್ನ ಕಾಗದ ಸವದತ್ತಿಯಿಂದ ನಮ್ಮ ಡೇರೆಯ ಬೆನ್ನು ಹತ್ತಿ ಇಲ್ಲಿಗೆ ಬಂತು. ‘ನೀವು’ ಎಂದು ಬರೆದಿದ್ದೀ. ಮುನವಳ್ಳಿಯ ಹೊಳೆಯಲ್ಲಿ ನಾನು ಮುಳುಗುತ್ತಿದ್ದಾಗ ಜುಟ್ಟು ಹಿಡಿದು ಎಳೆದವನು ನೀನು. ನನ್ನ ತಂಗಿಯನ್ನು ನಿನಗೇ ಕೊಡಬೇಕೆಂದು ಅವ್ವನ ಮುಂದೆ ಹಟ ಹಿಡಿದವನು ನಾನು. ಅವ್ವನನ್ನು ಇಷ್ಟು ವರ್ಷ ನೀನೇ ನೋಡಿಕೊಂಡೆ. ನನಗೆ ನೀನು ಏಕವಚನದಲ್ಲೇ ಬರೆ.

ನೀನು ಹೊರಗೆ ಎದ್ದು ಹೋದದ್ದರಲ್ಲಿ ನಾಚಿಕೆಯೇನಿಲ್ಲ. ಎಷ್ಟೋ ಮಂದಿ ಹೋಗುತ್ತಾರೆ. ಇಲ್ಲಿ ಅರಳೆ ಅಂಗಡಿಗಳ ಹಿಂದಿನ ಬಯಲಿನಲ್ಲಿ ಡೇರೆ ಹಾಕಿದ್ದೇವೆ. ಮೊದಲ ದಿನ ಒಬ್ಬ ಪೈಲವಾನ, ಎಮ್ಮೆ ಕರುವಿನಂಥ ತೋಳಿನವನು, ರಾಣಿ ಕಣ್ಣು ತೆರೆದಾಗ ಡೇರೆಯ ಬಟ್ಟೆ ಹರಿದುಕೊಂಡು ಓಡಿದ. ಮರುದಿನ ಇಬ್ಬರು ತಮ್ಮಂದಿರನ್ನು ಕರೆತಂದು ಅವರ ನಡುವೆ ಕೂತು ಪೂರಾ ನೋಡಿದ. ಹೆಂಗಸರು ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ, ಮುಚ್ಚಿಕೊಂಡವರೇ "ಏನಾತ್ರಿ? ಎದ್ದಳೇನ್ರಿ?" ಎಂದು ಕೇಳುತ್ತಾರೆ. ಕೂಗಿದ ಮೇಲೆ ಎಲ್ಲರೂ ಪಕ್ಕದವರ ಮುಖ ನೋಡಿ ನಗುತ್ತಾರೆ. ನನಗೆ ತಿಳಿದಂತೆ ಜನಕ್ಕೆ ಬೇಕಾದದ್ದು ಅದೇ. ಮನೆಯಲ್ಲಿ ಒಬ್ಬನೇ ಅಂಜಿದರೆ ಕೂಗಲು ಬರುವುದಿಲ್ಲ. ಇಲ್ಲಿ ನೂರು ಮಂದಿಯ ಜೊತೆ ಕೂಗಬಹುದು, ಕೂಗಿದ್ದು ಮುಗಿದು ಗ್ಯಾಸ್ ಬತ್ತಿ ಹತ್ತುತ್ತದೆ.

ಅಮೋಘಸಿದ್ದಪ್ಪ ಎಂಬ ಕುರುಬರ ಮುದುಕ ಏಳು ದಿನ ತಪ್ಪದೆ ಬಂದ. "ದಿನಾ ಅದನ್ನ ಏನ್ ನೋಡ್ತೀಯೋ ಅಜ್ಜಾ?" ಎಂದು ಕೇಳಿದೆ. "ಒಂಬತ್ತು ವರ್ಷದ ಹಿಂದ ಮಾನಮೋಡಿ ಜ್ವರದಾಗ ನಮ್ಮ ಮನ್ಯಾಗ ಐದು ಮಂದಿ ಹ್ವಾದ್ರಪಾ. ಒಬ್ಬರೂ ಏಳಲಿಲ್ಲ. ಇಲ್ಲೆ ಒಬ್ಬಾಕಿ ಏಳತಾಳ. ನೋಡಿ ಹೋಗತೇನಿ" ಅಂದ.

ಬೆರಳಿನ ಮಾತು ಸುಮ್ಮನೆ ಬಾಯಿಗೆ ಬಂದದ್ದು. ಕಥೆ ಹೇಳುವವರಿಗೆ ಹಾಗೆ ಬರುತ್ತದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸಿದ್ದಲಿಂಗವ್ವ ನಕ್ಕಳೆಂದು ಬರೆದೆಯಲ್ಲ, ಅವಳ ನಗೆ ಯಾರಂತಿದೆ?

ನಿನ್ನ,
ನಿಜಗುಣಪ್ಪ


ಹೂಲಿ,
ತಾ. ೮ ಜನವರಿ ೧೯೨೮

ನಿಜಗುಣಾ,

ನಗೆ ಅವಳ ತಾಯಿಯಂತಿದೆ. ಇದನ್ನು ಕೇಳಲಿಕ್ಕೇ ಬೇಕಾಗಿತ್ತೇ ನಿನಗೆ?

ಬೆರಳಿನ ಮಾತು ಸುಮ್ಮನೆ ಬಂದದ್ದಲ್ಲ. ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಈಗ ಬರೆಯುತ್ತೇನೆ. ಓದಿದ ಮೇಲೆ ಹರಿದು ಹಾಕು, ಇಲ್ಲವೇ ಇಟ್ಟುಕೋ, ನಿನ್ನಿಷ್ಟ.

ಆ ದಿನ ನಿನಗೂ ನೆನಪಿರಬೇಕು. ಮಾನಮೋಡಿಯ ವರ್ಷ, ದಸರೆಯ ಮುಂಚೆ. ನಮ್ಮ ಓಣಿಯಲ್ಲಿ ಜ್ವರವಿಲ್ಲದ ಮನೆಯಿರಲಿಲ್ಲ. ಅವ್ವ ಎಚ್ಚರ ತಪ್ಪಿ ನಡುಮನೆಯಲ್ಲಿ ಮಲಗಿದ್ದಳು. ಕೂಸನ್ನು ಪಕ್ಕದ ಮನೆಯವರು ಒಯ್ದಿದ್ದರು. ಗುರುಬಸವ್ವ ನಾಲ್ಕು ದಿನದಿಂದ ಮಾತಾಡಿರಲಿಲ್ಲ. ಮಧ್ಯಾಹ್ನ ಅವಳ ಮೂಗಿನ ಮುಂದೆ ಬೆರಳು ಹಿಡಿದು ನೋಡಿದವನು ನಾನು. ಉಸಿರು ಹತ್ತಲಿಲ್ಲ. "ಹ್ವಾದಳು" ಎಂದೆ. ನನಗೂ ಆಗ ಮೈ ಕೆಂಡವಾಗಿತ್ತು. ನನ್ನ ಬೆರಳೇ ಸುಡುತ್ತಿರುವಾಗ ಅವಳ ಉಸಿರಿನ ಬಿಸಿ ಅದಕ್ಕೆ ಹೇಗೆ ತಿಳಿದೀತು? ಒಂಬತ್ತು ವರ್ಷ ಇದೊಂದನ್ನೇ ಕೇಳಿಕೊಂಡಿದ್ದೇನೆ.

ಹೊರುವವರು ಸಿಗಲಿಲ್ಲ. ಮಠದ ಅಯ್ಯನವರೂ ಹಾಸಿಗೆ ಹಿಡಿದಿದ್ದರು. ಕಂಬಳಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಇಬ್ಬರೇ ಒಯ್ದೆವು. ಹಿಂದಿನ ದಿನ ಯಾರಿಗೋ ಎಂದು ತೋಡಿ ಬಿಟ್ಟಿದ್ದ ಕುಣಿ ಇತ್ತು. ನೀನು ಒಳಗಿಳಿದೆ. ನಾನು ಮೇಲಿನಿಂದ ಇಳಿಸಿಕೊಟ್ಟೆ. ನಮ್ಮಲ್ಲಿ ಕೂಡಿಸುವ ರೀತಿಯಂತೆ ನೀನು ಅವಳನ್ನು ಕೂಡಿಸಿದೆ. ಮೊಣಕಾಲು ಮಡಚುವಾಗ ಒಂದಿಷ್ಟೂ ಬಿಗಿಯಿರಲಿಲ್ಲ. ಕೊರಳಿನ ಲಿಂಗ ಬಿಚ್ಚಿ ಎಡಗೈಯಲ್ಲಿ ಇಟ್ಟೆ. ಆಗ ನಾನು ಮೇಲಿನಿಂದ ನೋಡಿದೆ, ಕಿರುಬೆರಳು ಅಲುಗಿತು. ನೀನು ಮರುಕ್ಷಣ ಕುಣಿಯ ಅಂಚು ಹಿಡಿದು ಮೇಲೆ ಹಾರಿ ಬಂದೆ. ಬಂದವನೇ "ಮಣ್ಣ ಎಳಿ, ಲಗೂನ ಎಳಿ" ಎಂದೆ. ನಿನಗೆ ದಣಿವಾಗಿತ್ತೆಂದು ನಾನು ತಿಳಿದುಕೊಂಡೆ. ಕಂಡವನು ನಾನೊಬ್ಬನೇ ಎಂದುಕೊಂಡೆ. ಮಣ್ಣು ಎಳೆದೆ.

ಮೂರನೆಯ ದಿನಕ್ಕೆ ನೀನು ಊರು ಬಿಟ್ಟೆ. ಹೆಂಡತಿಯನ್ನು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಸಿಟ್ಟಾಗಿ ಹೋದೆ ಎಂದು ಅವ್ವ ಇಂದಿಗೂ ತಿಳಿದಿದ್ದಾಳೆ. ನಾನು ಅದನ್ನು ಅಲ್ಲಗಳೆದಿಲ್ಲ.

ನೀನೂ ಕಂಡಿದ್ದೆಯೋ? ಒಂದೇ ಮಾತಿನಲ್ಲಿ ಉತ್ತರ ಬರೆ.

ಅಂದಾನೆಪ್ಪ


ಕಿತ್ತೂರು,
ತಾ. ೨ ಮಾರ್ಚ್ ೧೯೨೮

ಅಂದಾನೆಪ್ಪಾ,

ನಿನ್ನ ಕಾಗದ ಎರಡು ತಿಂಗಳು ನನ್ನ ಅಂಗಿಯ ಕಿಸೆಯಲ್ಲಿತ್ತು. ಅಂಗಿ ಒಗೆಯಲು ಹಾಕುವಾಗ ತೆಗೆದಿಡುತ್ತಿದ್ದೆ, ಒಣಗಿದ ಮೇಲೆ ಮತ್ತೆ ಇಟ್ಟುಕೊಳ್ಳುತ್ತಿದ್ದೆ.

ಕಂಡೆ.

ಬೈಲಹೊಂಗಲದ ದವಾಖಾನೆಯ ಡಾಕ್ಟರರನ್ನು ಕೇಳಿದೆ. ನಮ್ಮ ಚಿತ್ರ ನೋಡಿದ ಮಂದಿ ಕೇಳುತ್ತಾರೆ, ಉತ್ತರ ಹೇಳಬೇಕು ಎಂದು ಸುಳ್ಳು ಹೇಳಿ ಕೇಳಿದೆ. "ಸತ್ತ ಮ್ಯಾಲೂ ಒಮ್ಮೊಮ್ಮೆ ನರ ಎಳೀತಾವ. ಸತ್ತು ಎಷ್ಟು ತಾಸಾಗಿತ್ತು, ಮೈ ಬಿಗದಿತ್ತೋ ಇಲ್ಲೋ, ಅದರ ಮ್ಯಾಲ ಹೇಳಬೇಕು" ಎಂದರು. ತಾಸಿನ ಲೆಕ್ಕ ನಿನಗೆ ಗೊತ್ತು, ನನಗೂ ಗೊತ್ತು; ಅಷ್ಟು ಹೊತ್ತಿಗೆ ಸತ್ತ ಮೈ ಬಿಗಿಯಬೇಕಿತ್ತು. ಬಿಗಿಯಿರಲಿಲ್ಲವೆಂದು ನೀನೇ ಬರೆದಿದ್ದೀ. ನಾನು ಡಾಕ್ಟರರಿಗೆ ಕೈಮುಗಿದು ಬಂದೆ.

ಆಗ ನನಗೆ ಏನಾಯಿತು ಎಂಬುದನ್ನು ಬರೆಯುತ್ತೇನೆ. ಅವಳಿಗೆ ಜೀವವಿದೆಯೆಂದು ನಾನು ತಿಳಿದಿದ್ದರೆ ಎತ್ತಿಕೊಂಡು ಓಡುತ್ತಿದ್ದೆ. ಆ ಯೋಚನೆಯೇ ನನಗೆ ಬರಲಿಲ್ಲ. ಸಣ್ಣವರಿದ್ದಾಗ ಅಂಗಳದಲ್ಲಿ ಕೂಡಿಸಿಕೊಂಡು ಅವ್ವ ಹೇಳುತ್ತಿದ್ದ ಕಥೆ ನಿನಗೂ ಗೊತ್ತು. ಮಣ್ಣಿಗಿಟ್ಟ ಹೆಣ ಅಲುಗಿದರೆ ಅದರೊಳಗೆ ಬೇರೆ ಏನೋ ಹೊಕ್ಕಿದೆ, ಮುಖ ನೋಡಬಾರದು, ಹೆಸರು ಹಿಡಿದು ಕರೆಯಬಾರದು, ಬೇಗ ಮಣ್ಣು ಹಾಕಿ ತಿರುಗಿ ನೋಡದೆ ಬರಬೇಕು. ನೀನೂ ನಾನೂ ಗುರುಬಸಿಯೂ ಒಂದೇ ಕೌದಿಯೊಳಗೆ ಮುದುರಿಕೊಂಡು ಕೇಳುತ್ತಿದ್ದೆವು. ಇನ್ನೊಮ್ಮೆ ಹೇಳು ಎಂದು ಎಲ್ಲರಿಗಿಂತ ಹೆಚ್ಚು ಕಾಡುತ್ತಿದ್ದವಳು ಅವಳೇ. ಕುಣಿಯಲ್ಲಿ ನನ್ನ ಮುಂದೆ ಕೂತಿದ್ದವಳು ನನ್ನ ತಂಗಿ ಎಂಬುದು ಆ ಹೊತ್ತಿಗೆ ನನಗೆ ಮರೆತುಹೋಯಿತು. ಹೆದರಿದೆ. ಇಷ್ಟೇ.

ಈ ಕೆಲಸಕ್ಕೆ ಯಾಕೆ ಸೇರಿದೆ ಎಂದು ನೀನು ಕೇಳಬಹುದು. ಮೊದಲು ದೇವರ ಚಿತ್ರಗಳಿಗೆ ಕಥೆ ಹೇಳುತ್ತಿದ್ದೆ. ಮೂರು ವರ್ಷದ ಹಿಂದೆ ನಮ್ಮ ಮಾಲಕ ವೀರಪ್ಪ ಈ ಚಿತ್ರ ತಂದಾಗ ಬಿಟ್ಟು ಹೋಗೋಣವೆಂದಿದ್ದೆ. ಮೊದಲ ಆಟದಲ್ಲಿ ಜನ ಕೂಗಿದರು. ಆ ದಿನ ಕುಣಿಯ ಬಾಯಲ್ಲಿ ನಾನು ಕೂಗಬೇಕಾಗಿದ್ದ ಕೂಗು ಅದು. ನನ್ನ ಬದಲು ಇವರು ಕೂಗುತ್ತಿದ್ದಾರೆ ಎನಿಸಿತು. ಬಿಡಲಾಗಲಿಲ್ಲ.

ಇಲ್ಲಿ ಕೋಟೆಯ ಹಾಳುಗೋಡೆಯ ಬದಿಗೆ ಡೇರೆ ಹಾಕಿದ್ದೇವೆ. ಜನ ಕಡಿಮೆ. ಅಲ್ಲಿ ಸತ್ತವರು ಬಹಳ, ಅಲ್ಲಿ ಇಂಥ ಚಿತ್ರ ನೋಡುವುದು ಬೇಡ ಎಂದು ಹಿರಿಯರು ಮಕ್ಕಳನ್ನು ತಡೆಯುತ್ತಾರೆ. ಅವರು ಹೇಳುವುದು ಸರಿಯೆಂದು ನನಗೂ ತೋರುತ್ತದೆ.

ಅವ್ವನಿಗೆ ಹೇಳಬೇಡ. ಕಥೆ ಹೇಳಿದವಳು ಅವಳು. ಇದು ತಿಳಿದರೆ ಅವಳು ಬದುಕುವುದಿಲ್ಲ.

ನಿಜಗುಣಪ್ಪ


ಹೂಲಿ,
ತಾ. ೨೫ ಮಾರ್ಚ್ ೧೯೨೮

ನಿಜಗುಣಾ,

ನಿನ್ನ ಕಾಗದ ಓದಿದ ಮೇಲೆ ಒಂದು ರೀತಿಯ ಸಮಾಧಾನವಾಯಿತು ಎಂದರೆ ನೀನು ನನ್ನನ್ನು ಏನೆಂದುಕೊಳ್ಳುತ್ತೀಯೋ. ಕಂಡದ್ದು ಜ್ವರದ ಕಣ್ಣಲ್ಲ ಎಂದು ತಿಳಿಯಿತು. ಅದೇ ಸಮಾಧಾನ ಎರಡು ದಿನಕ್ಕೆ ಬೇರೆಯಾಯಿತು. ಜ್ವರದ ಕಣ್ಣಾಗಿದ್ದರೆ ಒಳ್ಳೆಯದಿತ್ತು.

ಹೋದ ವಾರ ನಡೆದದ್ದನ್ನು ಹೇಳುತ್ತೇನೆ. ಊಟದ ಬಿಡುವಿನಲ್ಲಿ ಶಾಲೆಯ ಹಿಂದೆ ಹುಡುಗಿಯರ ಗದ್ದಲ ಕೇಳಿ ಹೋದೆ. ನಿಮ್ಮ ಚಿತ್ರ ನೋಡಿ ಬಂದ ಮೇಲೆ ಮಕ್ಕಳು ‘ಹೆಣ ಏಳುವ ಆಟ’ ಎಂದು ಒಂದು ಆಟ ಹೂಡಿದ್ದಾರೆ. ಒಬ್ಬಳು ಹೆಣವಾಗಿ ಮಲಗಬೇಕು. ಉಳಿದವರು ಸುತ್ತ ಕೂತು ಅಳಬೇಕು. ಅವಳು ಮೊದಲು ಎಡಗೈಯ ಕಿರುಬೆರಳು ಅಲುಗಿಸಬೇಕು, ಆಮೇಲೆ ಎದ್ದು ಬೆನ್ನಟ್ಟಬೇಕು. ನಾನು ಹೋದಾಗ ಸಿದ್ದಲಿಂಗವ್ವ ಮಲಗಿದ್ದಳು. ಕಣ್ಣು ಮುಚ್ಚಿ, ನಗು ತಡೆದುಕೊಂಡು, ತುಟಿ ಬಿಗಿಹಿಡಿದಿದ್ದಳು. ಅವಳ ಮುಖ ಈಗ ಪೂರ್ತಿ ತಾಯಿಯ ಮುಖ. ಬೆರಳು ಅಲುಗಿಸಿದಳು. ಹುಡುಗಿಯರು ಚೀರಿ ಓಡಿದರು.

ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿ ಹೊಡೆದೆ. ಹುಟ್ಟಿದಾಗಿನಿಂದ ಅವಳ ಮೈ ಮೇಲೆ ಕೈ ಮಾಡಿದವನಲ್ಲ. ಅವಳು ಅಳಲಿಲ್ಲ. "ಯಾಕ ಹೊಡದಿ?" ಎಂದು ಕೇಳಿದಳು. ಸಂಜೆ ಅವ್ವನೂ ಅದನ್ನೇ ಕೇಳಿದಳು: "ಕೂಸು ಏನ್ ತಪ್ಪ ಮಾಡ್ಯಾಳಪಾ? ಯಾಕ ಹೊಡದಿ?" ಸಾಲಿಯ ಶಿಸ್ತು ಎಂದೆ. ಅವ್ವ ನನ್ನನ್ನು ನೋಡುತ್ತ ಕೂತಳು. "ಸಾಲ್ಯಾಗ ನೀ ಯಾರ ಮಕ್ಕಳನ್ನೂ ಹೊಡ್ಯಾಂವ ಅಲ್ಲ" ಎಂದಳು.

ನಿಜಗುಣಾ, ಒಂಬತ್ತು ವರ್ಷ ಸುಮ್ಮನಿರುವುದು ನನಗೆ ಸಾಧ್ಯವಾಯಿತು, ಯಾಕೆಂದರೆ ಯಾರೂ ಕೇಳಲಿಲ್ಲ. ಈಗ ಕೇಳುತ್ತಿದ್ದಾರೆ. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಾಡದ ತಪ್ಪಿಗೆ ಅವಳು ಪೆಟ್ಟು ತಿಂದಳು. ನಾನು ಹೇಳುತ್ತೇನೆ. ನೀನು ಬಂದರೆ ಇಬ್ಬರೂ ಸೇರಿ ಹೇಳೋಣ. ಯುಗಾದಿ ಕಳೆಯಿತು, ಇನ್ನೊಂದು ತಿಂಗಳು ಕಾಯುತ್ತೇನೆ.

ಅಂದಾನೆಪ್ಪ


ರಾಮದುರ್ಗ,
ತಾ. ೨೦ ಏಪ್ರಿಲ್ ೧೯೨೮

ಅಂದಾನೆಪ್ಪಾ,

ಡೇರೆಯ ಕೆಲಸ ಹೋಯಿತು. ಯಮನಪ್ಪ ಎಂಬ ನೇಕಾರರ ಮನೆಯ ಪಡಸಾಲೆಯಲ್ಲಿ ಇದ್ದೇನೆ. ನೂಲು ಸುತ್ತಿಕೊಟ್ಟು ಅವರಲ್ಲೇ ಊಟ ಮಾಡುತ್ತೇನೆ.

ನಿನ್ನ ಕಾಗದ ಬಂದ ಮೇಲೆ ಬೆರಳಿನ ಮಾತು ನಿಲ್ಲಿಸಿದೆ. ಅದನ್ನು ನಿಲ್ಲಿಸಿದರೆ ಸಾಕು ಎಂದುಕೊಂಡಿದ್ದೆ. ಇಲ್ಲಿ ಮೂರನೆಯ ದಿನದ ಆಟ. ಡೇರೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎರಡು ಮೂರು ವರ್ಷದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕಲ್ಲಿನ ಮುಚ್ಚಳ ಸರಿಯಿತು. ರಾಣಿ ಕಣ್ಣು ತೆರೆದಳು. "ದೆವ್ವ ಹೊಕ್ಕೈತಿ, ಓಡ್ರಿ" ಎಂದು ನಾನು ಹೇಳಬೇಕಾದ ಮಾತು. ಬಾಯಿಂದ ಬಂದದ್ದು ಬೇರೆ: "ಆಕಿ ಸತ್ತಿಲ್ಲರೀ. ಜೀವ ಐತಿ. ನೀರು ಬೇಡಾಕ ಹತ್ಯಾಳ. ಯಾರರ ಹೋಗಿ ಕೈ ಹಿಡೀರಿ."

ಪೇಟಿ ಬಾರಿಸುವವನು ನಿಲ್ಲಿಸಿದ. ನಾನು ಹೇಳುತ್ತಲೇ ಹೋದೆ. ಪರದೆಯ ಮೇಲೆ ಗಂಡಸರು ದೀವಟಿಗೆ ಹಿಡಿದು ಬಂದು ಅವಳ ಎದೆಗೆ ಗೂಟ ಹೊಡೆಯುವುದಿತ್ತು. ಅಲ್ಲಿ ಜನ ದಿನಾ ಚಪ್ಪಾಳೆ ತಟ್ಟುತ್ತಾರೆ. ನಾನು "ನೋಡ್ರಿ, ಬದುಕಿದಾಕಿನ್ನ ಕೊಲ್ಲಾಕ ಹತ್ಯಾರ, ಅಂಜಿ ಕೊಲ್ಲಾಕ ಹತ್ಯಾರ, ಆಕಿ ಗಂಡನೂ ಅಲ್ಲೇ ಅದಾನ, ಅಣ್ಣನೂ ಅಲ್ಲೇ ಅದಾನ" ಎಂದೆ. ಒಬ್ಬ ಹೆಂಗಸು ಗಟ್ಟಿಯಾಗಿ ಅಳತೊಡಗಿದಳು. ಹಿಂದಿನಿಂದ ಯಾರೋ "ಏ, ಏನ ಹೇಳ್ತಿಯೋ! ದೆವ್ವದ ಕತಿ ಹೇಳಲೇ!" ಎಂದು ಕೂಗಿದ. ಒಂದು ಕೆರವು ಬಂದು ನನ್ನ ಹೆಗಲಿಗೆ ಬಡಿಯಿತು. ಜನ ಕೂತಿದ್ದ ಬಾಕುಗಳು ಉರುಳಿದವು. ವೀರಪ್ಪ ಬತ್ತಿ ಹಚ್ಚಿಸಿದ. ಯಾರೂ ನಗಲಿಲ್ಲ. ಪಕ್ಕದವರ ಮುಖವನ್ನೂ ನೋಡಲಿಲ್ಲ. ಒಬ್ಬೊಬ್ಬರೇ ತಲೆ ತಗ್ಗಿಸಿ ಎದ್ದು ಹೋದರು.

ವೀರಪ್ಪ ಕೆಟ್ಟವನಲ್ಲ. ಬೆಳಿಗ್ಗೆ ನನ್ನ ಗಂಟು ತಂದುಕೊಟ್ಟು, "ಮಂದಿ ಅಂಜಾಕ ಬರ್ತಾರಪಾ, ಅಳಾಕ ಅಲ್ಲ. ಅಳೂದು ಅವರ ಮನ್ಯಾಗ ಬೇಕಾದಷ್ಟು ಐತಿ" ಎಂದ. ಗಂಟು ತೆಗೆದುಕೊಂಡು ಬಂದೆ.

ನಾನು ಬರುತ್ತೇನೆ. ಆದರೆ ನನಗೆ ಇನ್ನಷ್ಟು ದಿನ ಕೊಡು. ನಾನು ಬರುವತನಕ ಅವ್ವನಿಗೆ ಹೇಳಬೇಡ. ಕಾಲಿಗೆ ಬೀಳುತ್ತೇನೆ.

ನಿಜಗುಣಪ್ಪ


ಹೂಲಿ,
ತಾ. ೧೪ ಮೇ ೧೯೨೮

ತೀರ್ಥರೂಪರಾದ ನಿಜಗುಣಪ್ಪ ಮಾಮಾ ಅವರಿಗೆ,

ಸಿದ್ದಲಿಂಗವ್ವ ಮಾಡುವ ನಮಸ್ಕಾರಗಳು. ನಾನು ನಿಮ್ಮ ಮುಖ ನೋಡಿದ ನೆನಪಿಲ್ಲ. ದನಿ ಮಾತ್ರ ಡೇರೆಯಲ್ಲಿ ಕೇಳಿದ್ದೇನೆ. ನಿಮ್ಮ ಕಾಗದದ ಮೇಲಿದ್ದ ವಿಳಾಸ ನೋಡಿ ಬರೆಯುತ್ತಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ.

ಅಪ್ಪ ಹೋದ ಸೋಮವಾರ ಹೇಳಿದರು. ಒಂದು ತಿಂಗಳಿಗಿಂತ ಹೆಚ್ಚು ಕಾದೆ, ಇನ್ನು ಆಗುವುದಿಲ್ಲ ಎಂದರು. ಮಧ್ಯಾಹ್ನ ಊಟವಾಗಿತ್ತು. ನಿಮ್ಮ ಅವ್ವ, ನಮ್ಮ ಆಯಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಹೊರಗೆ ಕಳಿಸಲಿಲ್ಲ. "ನಿನ್ನ ಯಾಕ ಹೊಡದೆ ಅಂತ ಕೇಳಿದ್ದೀ, ಕುಂದ್ರು" ಎಂದರು. ಎಲ್ಲ ಹೇಳಿದರು. ಮೂಗಿನ ಮುಂದೆ ಬೆರಳು ಹಿಡಿದದ್ದು, ಚಕ್ಕಡಿ, ಕುಣಿ, ಬೆರಳು ಅಲುಗಿದ್ದು. ನೀವೂ ಕಂಡದ್ದನ್ನು ಹೇಳಿದರು.

ಆಯಿ ಮೊರ ಕೆಳಗಿಡಲಿಲ್ಲ. "ಮತ್ತ ಮಣ್ಣ ಯಾಕ ಹಾಕಿದ್ರಿ?" ಎಂದು ಕೇಳಿದಳು.

"ಅಂಜಿಕಿ ಬಂತು ಅವ್ವಾ."

"ಯಾರ ಅಂಜಿಕಿ?"

"ಆಕೀದು."

"ನಮ್ಮ ಗುರುಬಸಿದು? ಗುರುಬಸಿಗೆ ಅಂಜಿದ್ರೇನು ನೀವು?"

ಆಯಿ ಅದನ್ನೇ ಮೂರು ನಾಲ್ಕು ಸಲ ಕೇಳಿದಳು. ದನಿ ಏರಿಸಿ ಕೇಳಲಿಲ್ಲ. ಆಮೇಲೆ ಜೋಳ ಹಸನು ಮಾಡುವುದನ್ನು ಮುಗಿಸಿ ಗಡಿಗೆಗೆ ತುಂಬಿದಳು. ಸಂಜೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತನ್ನ ಒಬ್ಬಳ ರೊಟ್ಟಿ ಬೇರೆ ಮಾಡಿಕೊಂಡಳು. ಅಂದಿನಿಂದ ಅಪ್ಪನ ಕೈಯ ನೀರನ್ನೂ ಕುಡಿಯುವುದಿಲ್ಲ. ಅಪ್ಪನಿಗೆ ನಾನು ಅಡುಗೆ ಮಾಡುತ್ತೇನೆ. ರೊಟ್ಟಿ ಹರಿಯುತ್ತವೆ, ಆದರೂ ತಿನ್ನುತ್ತಾರೆ.

ಅಪ್ಪ ಮರುದಿನ ಗೌಡರ ಹತ್ತಿರ ಹೋಗಿ, ನನ್ನಿಂದ ಕೊಲೆಯಾಗಿದೆ, ಸರಕಾರಕ್ಕೆ ಬರೆದು ಕಳಿಸಿರಿ ಎಂದರಂತೆ. ಗೌಡರು ಬಾಗಿಲು ಹಾಕಿಕೊಂಡು ಬಂದು, "ಮಾಸ್ತರ, ಆ ವರ್ಷದ್ದನ್ನ ತಗೀಬ್ಯಾಡ್ರಿ. ಅವಸರದಾಗ ಮಣ್ಣ ಮಾಡಿದ ಮನಿ ನಿಮ್ಮದೊಂದಾ ಅಲ್ಲ. ಎಲ್ಲಾರೂ ಎದ್ದು ಹೇಳಾಕ ಹತ್ತಿದರ ಊರು ಉಳಿಯೂದಿಲ್ಲ" ಎಂದರಂತೆ. ಅಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು.

ಮಾಮಾ, ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಡೇರೆಯಲ್ಲಿ ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಬೆರಳು ಅಂದಾಗ ಮೈ ಜುಮ್ಮೆಂದು, ಇನ್ನೊಮ್ಮೆ ಹೇಳಲಿ ಎನಿಸಿತು. ಆ ಆಟವನ್ನು ಸಾಲೆಯಲ್ಲಿ ಎಲ್ಲರಿಗೂ ಕಲಿಸಿದವಳು ನಾನೇ. ಹೆಣವಾಗುವುದು ನನಗೇ ಬೇಕೆಂದು ಜಗಳ ತೆಗೆಯುತ್ತಿದ್ದೆ. ಕಣ್ಣು ಮುಚ್ಚಿ ಮಲಗಿದಾಗ ಸುತ್ತ ಎಲ್ಲರೂ ನಾನು ಏಳುವುದನ್ನೇ ಕಾಯುತ್ತಾರೆ, ಅದು ಬಹಳ ಸೇರುತ್ತಿತ್ತು. ಈಗ ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ.

ಅಪ್ಪ ಮೇಲೆ ನಿಂತಿದ್ದರು. ನೀವು ಒಳಗಿದ್ದಿರಿ. ಅದಕ್ಕೆ ನಿಮ್ಮನ್ನು ಕೇಳುತ್ತೇನೆ. ಅವ್ವ ಕಣ್ಣು ತೆರೆದಿದ್ದಳೇ? ಅವಳಿಗೆ ನೀವು ಕಂಡಿರೇ? ಖರೆ ಬರೆಯಿರಿ. ನಾನು ಸಣ್ಣವಳೆಂದು ಬೇರೆ ಬರೆಯಬೇಡಿ.

ತಮ್ಮ ಸೊಸೆ,
ಸಿದ್ದಲಿಂಗವ್ವ


ರಾಮದುರ್ಗ,
ತಾ. ೨೨ ಮೇ ೧೯೨೮

ಸೊಸೀ ಸಿದ್ದಲಿಂಗವ್ವಾ,

ನಿನ್ನ ಕಾಗದ ಬಂತು. ಅಕ್ಷರ ಚಂದ ಬರೆಯುತ್ತೀ.

ಕಣ್ಣು ತೆರೆದಿರಲಿಲ್ಲ. ಇದು ಖರೆ. ರೆಪ್ಪೆ ಮುಚ್ಚಿಯೇ ಇತ್ತು, ಮುಖ ಶಾಂತವಾಗಿತ್ತು. ಇಲ್ಲಿಗೇ ಕಾಗದ ಮುಗಿಸಿ ಮಡಚಿ ಇಟ್ಟಿದ್ದೆ. ಮತ್ತೆ ಬಿಚ್ಚಿದೆ. ಖರೆ ಬರೆಯಿರಿ ಎಂದಿದ್ದೀ. ನಿನ್ನ ಅಪ್ಪನಿಗೂ ನಾನು ಪೂರ್ತಿ ಬರೆದಿಲ್ಲ.

ಬೆರಳು ಅಲುಗಿದ್ದನ್ನು ನಾನು ಕಂಡೆ ಎಂದು ಅವನಿಗೆ ಬರೆದೆ. ನಾನು ಕಾಣಲಿಲ್ಲ, ನನಗೆ ತಿಳಿಯಿತು. ಲಿಂಗವನ್ನು ಅವಳ ಎಡಗೈಯಲ್ಲಿ ಇಟ್ಟೆನಲ್ಲ, ಆಗ ಅವಳ ಬೆರಳುಗಳು ಮುಚ್ಚಿಕೊಂಡವು. ಲಿಂಗದ ಜೊತೆಗೆ ನನ್ನ ಹೆಬ್ಬೆರಳೂ ಒಳಗೆ ಸಿಕ್ಕಿತು. ಹಿಡಿತ ಗಟ್ಟಿಯಿರಲಿಲ್ಲ. ನಿದ್ದೆಯಲ್ಲಿರುವ ಕೂಸು ಹಿಡಿಯುವಷ್ಟು. ನಾನು ಇನ್ನೊಂದು ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಿರುಬೆರಳು ಕೊನೆಯದು. ನಿನ್ನ ಅಪ್ಪ ಮೇಲಿನಿಂದ ಕಂಡದ್ದು ಅದನ್ನೇ ಇರಬೇಕು. ಹಾಗಿದ್ದರೆ ಅವನು ಕಂಡದ್ದು ನಾನು ಬಿಡಿಸುತ್ತಿದ್ದ ಬೆರಳನ್ನು, ತಾನಾಗಿ ಅಲುಗಿದ ಬೆರಳನ್ನಲ್ಲ. ಅವಳಿಗೆ ಜೀವವಿತ್ತೇ ಎಂದು ತಿಳಿಯಬಹುದಾಗಿದ್ದವನು ನಾನೊಬ್ಬನೇ. ಮಣ್ಣು ಎಳೆ ಎಂದವನೂ ನಾನೇ. ಅವನು ಜ್ವರದಲ್ಲಿ ನಿಲ್ಲಲಾಗದೆ ನಿಂತಿದ್ದ. ನಾನು ಹೇಳಿದ್ದನ್ನು ಮಾಡಿದ. ಗೌಡರ ಮುಂದೆ ಹೋಗಬೇಕಾದವನು ಅವನಲ್ಲ.

ಸತ್ತವರ ಕೈಯೂ ಹಾಗೆ ಮುಚ್ಚಿಕೊಳ್ಳುವುದುಂಟು ಎಂದು ಹೇಳುವವರಿದ್ದಾರೆ. ಇರಬಹುದು. ಅದನ್ನು ಹಿಡಿದುಕೊಂಡು ನೀನು ಸಮಾಧಾನ ಮಾಡಿಕೊಳ್ಳುವುದಾದರೆ ಮಾಡಿಕೋ. ನನ್ನಿಂದ ಆಗಿಲ್ಲ.

ನೀನು ನಕ್ಕದ್ದರಲ್ಲಿ ತಪ್ಪಿಲ್ಲ. ನಗಲೆಂದೇ ನಾನು ಹಾಗೆ ಹೇಳುತ್ತಿದ್ದೆ. ಆಡುವಾಗ ನೀನು ಎದ್ದು ಬರುತ್ತೀ ಎಂಬ ನಂಬಿಕೆ ಎಲ್ಲರಿಗೂ ಇತ್ತು. ಆ ಪಾಪ ನಿನ್ನದಲ್ಲ, ನನ್ನದು.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳು. ಆಮೇಲೆ ನನ್ನ ಅವ್ವನಿಗೂ ಓದು. ನಾನು ಬರುವುದು ಬೇಡವೆಂದರೆ ಬರುವುದಿಲ್ಲ.

ನಿಜಗುಣಪ್ಪ


ಹೂಲಿ,
ತಾ. ೩ ಜೂನ್ ೧೯೨೮

ಮಾಮಾ,

ಕಾಗದ ಓದಿದೆ. ಮೊದಲು ನಾನೊಬ್ಬಳೇ ಎರಡು ಸಲ ಓದಿದೆ. ಆಮೇಲೆ ಅಪ್ಪನಿಗೆ ಕೊಟ್ಟೆ. ಅಪ್ಪ ಓದಿ, ಹಿತ್ತಲಿಗೆ ಹೋದರು. ಬಂದು, "ಕಿರಿಬೆರಳು ಕಡೀಕ ಬಿಡಿಸಿದೆ ಅಂತ ಬರದಾನಲ್ಲ, ನಾ ಕಂಡದ್ದು ಅದನ್ನ" ಎಂದರು. ಮತ್ತೆ "ನಾನರ ಇಳದು ನೋಡಬೇಕಿತ್ತು" ಎಂದರು. ಶಾಲೆಗೆ ಹೋಗುತ್ತಿದ್ದಾರೆ. ರಜೆಯಿದ್ದರೂ ಹೋಗಿ ಬಾಗಿಲು ತೆರೆದುಕೊಂಡು ಕೂಡುತ್ತಾರೆ.

ಆಯಿಗೆ ಓದಿ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಕೈ ಮುಚ್ಚಿಕೊಂಡದ್ದು ಬಂದಾಗ ನಿಲ್ಲಿಸಿದೆ. "ಓದು" ಎಂದಳು. ಮುಗಿದ ಮೇಲೆ ನನ್ನ ಕೈ ತೆಗೆದುಕೊಂಡು ತನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟಳು. "ಇಷ್ಟ ಹಿಡದಿದ್ದಳಂತೇನು?" ಎಂದು ಕೇಳಿದಳು. ಎಷ್ಟು ಗಟ್ಟಿ ಹಿಡಿಯಬೇಕೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ಹಿಡಿದೆ. ಆಯಿ ಆಗ ಅತ್ತಳು. ಅಪ್ಪ ಹೇಳಿದ ದಿನ ಅತ್ತಿರಲಿಲ್ಲ.

ಮರುದಿನ ನನ್ನನ್ನು ಕರೆದುಕೊಂಡು ರುದ್ರಭೂಮಿಗೆ ಹೋದಳು. ಮೊಣಕಾಲು ನೋವಿಗೆ ಮೂರು ಕಡೆ ಕೂತು ಹೋದಳು. ಆ ವರ್ಷದ ಗುಡ್ಡೆಗಳೆಲ್ಲ ಒಂದೇ ಸಾಲಿನಲ್ಲಿವೆ, ಯಾವುದಕ್ಕೂ ಕಲ್ಲಿಲ್ಲ, ಕೆಲವು ಕುಸಿದು ನೆಲಕ್ಕೆ ಸಮನಾಗಿವೆ. ಯಾವುದು ಅವ್ವನದೆಂದು ಆಯಿಗೆ ಗೊತ್ತಾಗಲಿಲ್ಲ. ಅಪ್ಪನನ್ನು ಕೇಳಬಹುದಿತ್ತು, ಕೇಳುವುದಿಲ್ಲವಂತೆ. ಎಲ್ಲ ಗುಡ್ಡೆಗಳ ಮುಂದೆಯೂ ಸ್ವಲ್ಪ ಸ್ವಲ್ಪ ಹೊತ್ತು ಕೂತಳು.

ನೀವು ಬರಬೇಕೋ ಬೇಡವೋ ಎಂದು ಕೇಳಿದೆ. ಮನೆಗೆ ಬಂದು ನೀರು ಕುಡಿದ ಮೇಲೆ ಹೇಳಿದಳು: "ಬರಲಿ. ಯಾವ ಕುಣಿ ಅಂತ ತೋರಸಲಿ. ಉಣ್ಣಾಕ ನೀಡತೇನಿ, ಹಸದು ಹೋಗೂದು ಬ್ಯಾಡ. ಆದರ ಮಾತಾಡಸೂದಿಲ್ಲ ಅಂತ ಬರಿ."

ಅದನ್ನು ಬರೆದಿದ್ದೇನೆ. ಮಳೆ ಹಿಡಿಯುವುದಕ್ಕೆ ಮುಂಚೆ ಬನ್ನಿ, ಹಳ್ಳ ಬಂದರೆ ಚಕ್ಕಡಿ ದಾಟುವುದಿಲ್ಲ. ಅಪ್ಪನೂ ಈಗ ಹೆಚ್ಚು ಮಾತಾಡುವುದಿಲ್ಲ. ನಿಮ್ಮನ್ನು ನಾನು ಮಾತಾಡಿಸುತ್ತೇನೆ.

ಸಿದ್ದಲಿಂಗವ್ವ